ಪ್ಲಾಸ್ಟಿಕ್ ಪೆಟ್ಟಿಗೆಗೆ ಅರ್ತಿಂಗ್ ಯಾಕೆ?

“ಪೆಟ್ಟಿಗೆಯೇ ಪ್ಲಾಸ್ಟಿಕ್ ಆದ ಮೇಲೆ ಅರ್ತಿಂಗ್ ಯಾಕೆ ಸಾರ್?” ತರಗತಿಯಲ್ಲಿ ಹುಡುಗರು ಕೇಳುವ ಈ ಪ್ರಶ್ನೆಯನ್ನು ಮನೆ ಕಟ್ಟಿಸುವ ಪೋಷಕರೂ ಕೇಳುತ್ತಾರೆ. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಪ್ಲಾಸ್ಟಿಕ್ ವಿದ್ಯುತ್ ಅವಾಹಕ ಎಂದು ನಾವೇ ಪಾಠ ಹೇಳಿದ್ದೇವೆ. ಅವಾಹಕವನ್ನು ಭೂಮಿಗೆ ಜೋಡಿಸಿ ಆಗಬೇಕಾದದ್ದೇನು? ಹೌದು, ಪೆಟ್ಟಿಗೆಗೆ ಅರ್ತಿಂಗ್ ಬೇಡ. ಆದರೆ ಅದರೊಳಗೆ ಬಂದು ಹೋಗುವ ಕೇಬಲ್ಲಿಗೆ ಉಕ್ಕಿನ ಕವಚವಿದ್ದರೆ, ಆ ಕವಚಕ್ಕೆ ಬೇಕೇ ಬೇಕು.

ಇಂಥ ಕೇಬಲ್ಲನ್ನು ನೀವೆಲ್ಲ ನೋಡಿದ್ದೀರಿ. ಮನೆಯಿಂದ ಹಿತ್ತಲಿನ ಸಂಪಿಗೋ ತೋಟದ ಪಂಪಿಗೋ ನೆಲದಡಿಯಲ್ಲಿ ಎಳೆಯುವ ದಪ್ಪ, ಕಪ್ಪು ಕೇಬಲ್. ಅಂಗಡಿಯಲ್ಲಿ ಆರ್ಮರ್ಡ್ ಕೇಬಲ್ ಎಂದು ಕೇಳಿದರೆ ಕೊಡುತ್ತಾರೆ. ಒಳಗೆ ಪಿ.ವಿ.ಸಿ. ಹೊದಿಸಿದ ತಂತಿಗಳು, ಅವುಗಳ ಸುತ್ತ ಸತು ಲೇಪಿಸಿದ ಉಕ್ಕಿನ ತಂತಿ ಅಥವಾ ಪಟ್ಟಿಗಳ ಕವಚ, ಅದರ ಮೇಲೆ ಮತ್ತೊಂದು ಪಿ.ವಿ.ಸಿ. ಹೊದಿಕೆ. ಇಲಿ ಕಡಿದರೂ ಕಲ್ಲು ಒತ್ತಿದರೂ ಒಳಗಿನ ತಂತಿಗೆ ಪೆಟ್ಟಾಗದಿರಲಿ ಎಂದು ಈ ಏರ್ಪಾಟು. ಉಕ್ಕು ವಾಹಕವಾದ್ದರಿಂದ ಕವಚಕ್ಕೆ ಇನ್ನೊಂದು ಕೆಲಸವೂ ಬಿದ್ದಿದೆ. ಎರಡೇ ಕೋರಿನ ಕೇಬಲ್ ಎಳೆದ ಕಡೆ ಒಂದರಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್. ಪಂಪಿನ ಮೈಗೆ ಭೂಸಂಪರ್ಕ ಕೊಡುವ ಹೊಣೆ ಕವಚದ್ದೇ.

ಕವಚ ಪೆಟ್ಟಿಗೆಗೆ ಸೇರುವುದು ಗ್ಲ್ಯಾಂಡ್ ಎಂಬ ಹಿತ್ತಾಳೆಯ ಬಿಡಿಭಾಗದ ಮೂಲಕ. ಉಕ್ಕಿನ ತಂತಿಗಳನ್ನು ಹೂವಿನ ದಳದಂತೆ ಬಿಡಿಸಿ, ಗ್ಲ್ಯಾಂಡಿನೊಳಗಿನ ಶಂಕುವಿನ ಮೇಲೆ ಕೂರಿಸಿ ಬಿಗಿದರೆ ಕೇಬಲ್ ಎಳೆದರೂ ಬರುವುದಿಲ್ಲ. ಪೆಟ್ಟಿಗೆ ಕಬ್ಬಿಣದ್ದಾಗಿದ್ದರೆ ಒಂದು ಕಡೆಯ ಕವಚ, ಗ್ಲ್ಯಾಂಡ್, ಪೆಟ್ಟಿಗೆ, ಮತ್ತೆ ಗ್ಲ್ಯಾಂಡ್, ಆಚೆ ಕಡೆಯ ಕವಚ ಎಲ್ಲವೂ ಒಂದೇ ಲೋಹದ ಸರಪಳಿ. ಈಗ ಹಿತ್ತಲ ಗೋಡೆಯ ಮೇಲಿದ್ದ ಹಳೆಯ ಕಬ್ಬಿಣದ ಪೆಟ್ಟಿಗೆ ಮಳೆಗೆ ತುಕ್ಕು ಹಿಡಿಯಿತು ಎನ್ನಿ. ಅದನ್ನು ತೆಗೆದು ಅಂದವಾದ ಪ್ಲಾಸ್ಟಿಕ್ ಪೆಟ್ಟಿಗೆ ಹಾಕುತ್ತಾರೆ. ಅದೇ ಗ್ಲ್ಯಾಂಡುಗಳು, ಅದೇ ಕೇಬಲ್ಲು. ಫೇಸಿಗೆ ಫೇಸ್, ನ್ಯೂಟ್ರಲಿಗೆ ನ್ಯೂಟ್ರಲ್ ಸೇರಿಸಿ ಮುಚ್ಚಳ ಬಿಗಿದರೆ ಪಂಪು ಓಡುತ್ತದೆ, ಟ್ಯಾಂಕು ತುಂಬುತ್ತದೆ, ಎಲ್ಲರಿಗೂ ಸಮಾಧಾನ. ಸರಪಳಿಯ ನಡುವಿನ ಕೊಂಡಿ ಕಳಚಿದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ನೀರು ಎಂದಿನಂತೆ ಬರುತ್ತಿದೆಯಲ್ಲ!

ಮುಂದೊಂದು ದಿನ ಪಂಪಿನ ಸುರುಳಿಯ ಅವಾಹಕ ಲೇಪ ಸುಟ್ಟು, ಫೇಸ್ ಅದರ ಕಬ್ಬಿಣದ ಮೈಗೆ ತಗಲುತ್ತದೆ. ಅಥವಾ ತೆಂಗಿನ ಸಸಿಗೆ ಗುಂಡಿ ತೋಡುವವನ ಹಾರೆ ಕೇಬಲ್ಲಿನೊಳಕ್ಕೆ ಇಳಿಯುತ್ತದೆ. ಇಲ್ಲಿ ಹತ್ತನೆಯ ತರಗತಿಯ ಓಮನ ನಿಯಮವನ್ನು ನೆನಪಿಸಿಕೊಳ್ಳಿ. ಲೋಹದ ದಾರಿ ಸರಿಯಾಗಿದ್ದು, ಅದರ ಒಟ್ಟು ರೋಧ 4 ಓಮ್ ಎಂದು ಇಟ್ಟುಕೊಂಡರೆ, 230 ವೋಲ್ಟಿನಲ್ಲಿ ಹರಿಯುವ ವಿದ್ಯುತ್ತು 57 ಆಂಪಿಯರಿಗೂ ಮಿಕ್ಕು. 16 ಆಂಪಿಯರಿನ ಎಂ.ಸಿ.ಬಿ. ಇದನ್ನು ತಾಳಲಾರದೆ ಬೀಳುತ್ತದೆ. ದಾರಿ ಕಡಿದಿದ್ದರೆ ವಿದ್ಯುತ್ತು ಹರಿಯುವುದೇ ಇಲ್ಲ. ಫ್ಯೂಸಿಗೆ ಸುದ್ದಿಯೇ ಮುಟ್ಟುವುದಿಲ್ಲ. ಪಂಪಿನ ಮೈ, ಕವಚ, ಪೆಟ್ಟಿಗೆಯ ಹೊರಗೆ ಇಣುಕುವ ಹಿತ್ತಾಳೆ ಗ್ಲ್ಯಾಂಡ್ ಎಲ್ಲವೂ 230 ವೋಲ್ಟಿನಲ್ಲಿ ಕಾಯುತ್ತಿರುತ್ತವೆ.

ಬರಿಗಾಲಿನ ಮಗು ಒದ್ದೆ ನೆಲದಲ್ಲಿ ನಿಂತು ಅದನ್ನು ಮುಟ್ಟಿದರೆ? ಒದ್ದೆ ಮೈಯ ರೋಧ ಸುಮಾರು 1000 ಓಮ್ ಎಂದುಕೊಳ್ಳಿ. ಹರಿಯುವುದು 0.23 ಆಂಪಿಯರ್. ಎಂ.ಸಿ.ಬಿ.ಯ 16 ಆಂಪಿಯರಿಗೆ ಇದು 70ನೆಯ ಒಂದು ಪಾಲು, ಅದು ಅಲ್ಲಾಡುವುದೂ ಇಲ್ಲ. ಆದರೆ ಹೃದಯದ ಬಡಿತ ಕೆಡಿಸಲು ಅಷ್ಟು ಧಾರಾಳವಾಗಿ ಸಾಕು. ಫ್ಯೂಸ್ ಇರುವುದು ತಂತಿಯನ್ನು ಕಾಯಲು, ಮನುಷ್ಯನನ್ನಲ್ಲ ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ. ಪ್ರತಿ ವರ್ಷವೂ ಅರ್ಧ ತರಗತಿ ನಂಬುವುದಿಲ್ಲ.

ಈಗಿನ ಮನೆಗಳಲ್ಲಿ ಆರ್.ಸಿ.ಸಿ.ಬಿ. ಇರುತ್ತದಲ್ಲ ಎಂದು ಕೆಲವರು ಕೇಳಬಹುದು. 30 ಮಿಲಿ ಆಂಪಿಯರ್ ಸೋರಿದರೂ ಸಂಪರ್ಕ ಕಡಿಯುವ ಒಳ್ಳೆಯ ಸಾಧನ ಅದು, ಇರಲೇಬೇಕು. ಬೇಸಿಗೆಯಲ್ಲಿ ಅರ್ತಿಂಗ್ ಗುಂಡಿ ಒಣಗಿ ರೋಧ 23 ಓಮಿಗೆ ಏರಿದರೆ ಹರಿಯುವುದು 10 ಆಂಪಿಯರ್ ಮಾತ್ರ. ಆಗ ಎಂ.ಸಿ.ಬಿ. ಬೀಳದಿದ್ದರೂ ಆರ್.ಸಿ.ಸಿ.ಬಿ. ಬೀಳುತ್ತದೆ. ಕವಚಕ್ಕೆ ಭೂಸಂಪರ್ಕವಿದ್ದರೆ ಅದು ದೋಷ ಹುಟ್ಟಿದ ಕ್ಷಣವೇ, ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಭೂಸಂಪರ್ಕವಿಲ್ಲದಿದ್ದರೆ ಆ ಸೋರಿಕೆಗೆ ದಾರಿಯಾಗಲು ಯಾರದಾದರೂ ಮೈಯೇ ಬೇಕು.

ಇದನ್ನು ಮಕ್ಕಳು ಮನೆಯಲ್ಲೇ ಪರೀಕ್ಷಿಸಬಹುದು, ಗೋಡೆಯ ಪ್ಲಗ್ಗಿನ ಹತ್ತಿರಕ್ಕೂ ಹೋಗದೆ. ಟಾರ್ಚಿನ ಒಂದು ಸೆಲ್ಲು, ಒಂದು ಸಣ್ಣ ಬಲ್ಬು, ಎರಡು ತುಂಡು ತಂತಿ ಸಾಕು. ಮಂಡಲದ ನಡುವೆ ಬಿಸ್ಕತ್ತಿನ ತಗಡಿನ ಡಬ್ಬಿಯ ಮುಚ್ಚಳ ಬರುವಂತೆ ತಂತಿಗಳ ತುದಿಯನ್ನು ಅದರ ಎರಡು ಅಂಚಿಗೆ ಒತ್ತಿ ಹಿಡಿಯಿರಿ. ಬಲ್ಬು ಹೊತ್ತಲಿಲ್ಲವೇ? ಬಣ್ಣ ಅಡ್ಡ ಬಂದಿರುತ್ತದೆ, ಉಪ್ಪುಕಾಗದದಿಂದ ಉಜ್ಜಿ ನೋಡಿ. (ಕಬ್ಬಿಣದ ಪೆಟ್ಟಿಗೆಯಲ್ಲೂ ಗ್ಲ್ಯಾಂಡ್ ಕೂರುವ ಜಾಗದ ಬಣ್ಣ ಕೆರೆಯಬೇಕಾದದ್ದು ಇದಕ್ಕೇ. ಆತುರದಲ್ಲಿ ಇದನ್ನು ಬಿಡುವವರು ಬಹಳ.) ಈಗ ತಗಡು ತೆಗೆದು ಪ್ಲಾಸ್ಟಿಕ್ ಮುಚ್ಚಳ ಇಡಿ. ಬಲ್ಬು ಆರಿತು. ಪ್ಲಾಸ್ಟಿಕ್ಕಿನ ಮೇಲೆ ಎರಡು ತುದಿಗಳ ನಡುವೆ ಒಂದು ತಾಮ್ರದ ತಂತಿ ಹಾಯಿಸಿ. ಮತ್ತೆ ಹೊತ್ತಿತು.

ಆ ತಾಮ್ರದ ತಂತಿಯೇ ಪರಿಹಾರ. ಗ್ಲ್ಯಾಂಡಿಗೂ ಅದರ ಲಾಕ್‌ನಟ್ಟಿಗೂ ನಡುವೆ ಕೂರುವ, ಕಿವಿಯಂಥ ಚಾಚು ಇರುವ ಹಿತ್ತಾಳೆ ಬಳೆಯೊಂದು ಸಿಗುತ್ತದೆ, ಅದಕ್ಕೆ ಅರ್ತ್ ಟ್ಯಾಗ್ ಎನ್ನುತ್ತಾರೆ. ಬರುವ ಕೇಬಲ್ಲಿಗೆ ಒಂದು, ಹೋಗುವ ಕೇಬಲ್ಲಿಗೆ ಒಂದು. ಎರಡನ್ನೂ ತಕ್ಕ ದಪ್ಪದ ಹಸಿರು ತಾಮ್ರದ ತಂತಿಯಿಂದ ಪೆಟ್ಟಿಗೆಯ ಅರ್ತಿಂಗ್ ಟರ್ಮಿನಲ್ಲಿಗೆ ಸೇರಿಸಿದರೆ ಸರಪಳಿ ಕೂಡಿಕೊಳ್ಳುತ್ತದೆ. ಟ್ಯಾಗಿನ ಬೆಲೆ ಕೇಬಲ್ಲಿನ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ. ಹೊಸದಾಗಿ ಎಳೆಸುವವರು ಮೂರು ಕೋರಿನ ಕೇಬಲ್ ತರುವುದು ಮೇಲು. ಮೂರನೆಯ ಕೋರಿನ ಎರಡೂ ತುದಿಗೆ ಹಸಿರು ಗುರುತು ಹಾಕಿ ಅದನ್ನು ಅರ್ತಿಂಗಿಗೇ ಮೀಸಲಿಡಬಹುದು. ಉಕ್ಕು ತುಕ್ಕು ಹಿಡಿಯುತ್ತದೆ, ತಾಮ್ರ ಅಷ್ಟು ಬೇಗ ಕೈಕೊಡುವುದಿಲ್ಲ. ಹಾಗೆ ಮಾಡಿದರೂ ಕವಚವನ್ನು ಜೋಡಿಸದೆ ಬಿಡುವಂತಿಲ್ಲ.

ಇನ್ನೊಂದು ಅಡ್ಡದಾರಿಯಿದೆ. ಕವಚವನ್ನು ಪೆಟ್ಟಿಗೆಯ ಹೊರಗೇ ಕತ್ತರಿಸಿ ಬಿಟ್ಟು, ಒಳಕೋರುಗಳನ್ನು ಮಾತ್ರ ಪ್ಲಾಸ್ಟಿಕ್ ಗ್ಲ್ಯಾಂಡಿನಲ್ಲಿ ತೂರಿಸುವುದು. ನೋಡಲು ಚೊಕ್ಕಟವಾಗಿರುತ್ತದೆ. ಆದರೆ ಕತ್ತರಿಸಿದ ಉಕ್ಕಿನ ತುದಿ ಬ್ಲೇಡಿನಷ್ಟು ಹರಿತ. ಕೇಬಲ್ ಅಲುಗಿದಾಗೆಲ್ಲ ಅದು ಒಳಗಿನ ಹೊದಿಕೆಯನ್ನು ಕೊಯ್ಯುತ್ತದೆ. ರಕ್ಷಣೆಗೆಂದು ಇಟ್ಟ ಕವಚವೇ ಶಾಕಿಗೆ ದಾರಿ ಮಾಡಿಕೊಡುತ್ತದೆ.

ಈ ಕೆಲಸವನ್ನು ಪರವಾನಗಿ ಇರುವ ವೈರ್‌ಮನ್ನನೇ ಮಾಡಬೇಕು, ಮೈನ್ ಸ್ವಿಚ್ ಆರಿಸಿಯೇ ಮಾಡಬೇಕು. ಪೋಷಕರ ಕೆಲಸ ಪಕ್ಕದಲ್ಲಿ ನಿಂತು ಕೇಳುವುದು. ಪೆಟ್ಟಿಗೆಯ ಮುಚ್ಚಳ ಹಾಕುವ ಮೊದಲು, ವಿದ್ಯುತ್ತು ಆರಿರುವಾಗಲೇ, ಪಂಪಿನ ಮೈಯಿಂದ ಮನೆಯ ಮುಖ್ಯ ಅರ್ತಿಂಗ್ ಟರ್ಮಿನಲ್ಲಿನವರೆಗೆ ಮಲ್ಟಿಮೀಟರಿನಲ್ಲಿ ರೋಧ ಅಳೆದು ತೋರಿಸಲು ಹೇಳಿ. ಹಿತ್ತಲಿನ ಪಂಪಿನಷ್ಟು ದೂರಕ್ಕೆ ಒಂದು ಓಮಿಗಿಂತ ಕಡಿಮೆ ಬರಬೇಕು. ಮುಳ್ಳು ಕದಲದಿದ್ದರೆ ಮುಚ್ಚಳ ಹಾಕಿಸಬೇಡಿ.