ನಿಮ್ಮೊಡನೆ ಎರಡು ಮಾತು: ದೂರುವ ಮುನ್ನ ಅಳೆಯಿರಿ



ನಿಮ್ಮಲ್ಲಿ ಅನೇಕರು ಸಾಫ್ಟ್‌ವೇರ್ ಕೆಲಸದಲ್ಲಿದ್ದೀರಿ. "ಹೊಸ ಕಂಪೈಲರ್ ಬಂದ ಮೇಲೆ ಬಿಲ್ಡ್ ನಿಧಾನವಾಯಿತು" ಎಂದು ಗೊಣಗುತ್ತೀರಿ. ಗೊಣಗುವ ಮುನ್ನ ಅಳೆದು ನೋಡಿದಿರಾ?

ಗೋ ಭಾಷೆಯ ಉದಾಹರಣೆ ನೋಡಿ. ಸಿ ಭಾಷೆಯಲ್ಲಿದ್ದ ಅದರ ಕಂಪೈಲರನ್ನು 2015ರ 1.5 ಆವೃತ್ತಿಯಲ್ಲಿ ಗೋ ಭಾಷೆಗೇ ತಂದರು. ಬಿಲ್ಡ್ ಸಮಯ ಸುಮಾರು ಎರಡು ಪಟ್ಟಾಯಿತು. ತಯಾರಕರು ಇದನ್ನು ಮುಚ್ಚಿಡದೆ ಬಿಡುಗಡೆಯ ಟಿಪ್ಪಣಿಯಲ್ಲೇ ಬರೆದರು. 2016ರ 1.7 ಆವೃತ್ತಿಯಲ್ಲಿ ಕಂಪೈಲರ್ ಸಾಕಷ್ಟು ಚುರುಕಾಯಿತು. ಕುಂದನ್ನು ಅಂಕಿಯಲ್ಲಿ ಹೇಳಿದರೆ ತಿದ್ದುವುದಕ್ಕೂ ದಾರಿ ಸಿಗುತ್ತದೆ.

ಆದರೆ ಅಳತೆ ನ್ಯಾಯವಾಗಿರಬೇಕು. ಹಳೆಯದಕ್ಕೂ ಹೊಸದಕ್ಕೂ ಅದೇ ಯಂತ್ರ, ಅದೇ ಸೋರ್ಸ್, ಅದೇ ಆಪ್ಟಿಮೈಸೇಶನ್ ಇರಲಿ. ಹಿಂದಿನ ಬಿಲ್ಡ್ ಉಳಿಸಿದ್ದನ್ನೆಲ್ಲ ಅಳಿಸಿ. ಮೊದಲ ಸಲ ಫೈಲುಗಳು ಡಿಸ್ಕಿನಿಂದ ಬರುತ್ತವೆ, ಮರುಸಲ ಮೆಮೊರಿಯಲ್ಲೇ ಸಿಗಬಹುದು. ಆದ್ದರಿಂದ ಐದಾರು ಸಲ ಅಳೆದು ನಡುವಿನ ಅಂಕಿ ಹಿಡಿಯಿರಿ. ಬೇಳೆ ಬೇಗ ಬೆಂದಿತೆಂದು ಹೊಸ ಕುಕ್ಕರನ್ನು ಹೊಗಳುವ ಮುನ್ನ, ಬೇಳೆ ನೆನೆಸಿತ್ತೇ ಎಂದು ಕೇಳುವುದಿಲ್ಲವೇ?

ತಯಾರಾದ ಪ್ರೋಗ್ರಾಂ ಎಷ್ಟು ವೇಗವಾಗಿ ಓಡುತ್ತದೆ ಎಂಬುದನ್ನೂ ಅಳೆಯಿರಿ. ಬಿಲ್ಡಿನಲ್ಲಿ ಕಳೆದದ್ದು ಅಲ್ಲಿ ಸಿಕ್ಕಿರಬಹುದು. ಆಫೀಸಿನಲ್ಲಿ ಕಿರಿಯರ ಗೊಣಗಾಟಕ್ಕೆ ಯಾರೂ ಕಿವಿಗೊಡುವುದಿಲ್ಲ. ಸರಿಯಾಗಿ ಅಳೆದ ಅಂಕಿಯನ್ನು ಮಾತ್ರ ಹಿರಿಯರೂ ತಳ್ಳಿಹಾಕಲಾರರು.