ವಿಮರ್ಶೆ ಅಂದ್ರೆ ಜ್ಯೋತಿಷ್ಯ ಅಲ್ಲ

ಇಂಗ್ಲಿಷ್ ರಾಕ್ ಬ್ಯಾಂಡ್ ಲೆಡ್ ಝೆಪ್ಪೆಲಿನ್‌ನ ಮೊದಲ ಆಲ್ಬಮ್ ಬಂದದ್ದು 1969ರ ಜನವರಿಯಲ್ಲಿ. ಎರಡು ತಿಂಗಳ ನಂತರ ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಜಾನ್ ಮೆಂಡೆಲ್‌ಸನ್ ಅದನ್ನು ಚೆನ್ನಾಗಿ ಝಾಡಿಸಿದ. 2003ರಲ್ಲಿ ಅದೇ ಪತ್ರಿಕೆ, ಸಾರ್ವಕಾಲಿಕ 500 ಶ್ರೇಷ್ಠ ಆಲ್ಬಮ್‌ಗಳಲ್ಲಿ ಅದಕ್ಕೆ 29ನೇ ಸ್ಥಾನ ಕೊಟ್ಟಿತು. ಈಗ ಆ ಹಳೇ ವಿಮರ್ಶೆ ಬರೀ ಜೋಕು. ಯಾರಾದರೂ ನಮ್ಮ ಕೆಲಸದಲ್ಲಿ ಹುಳುಕು ತೋರಿಸಿದರೆ ಸಾಕು, "ಬಿಡು ಗುರೂ, ಲೆಡ್ ಝೆಪ್ಪೆಲಿನ್‌ಗೂ ಹಿಂಗೇ ಬೈದಿದ್ರು" ಅಂತೀವಿ.

ಹೀಗನ್ನೋರಲ್ಲಿ ಅದನ್ನ ಓದಿದವರೆಷ್ಟು? ನಾನು ಮೊನ್ನೆ ಹುಡುಕಿ ಪೂರ್ತಿ ಓದಿದೆ. ಅದು ದಡ್ಡನ ಬರಹ ಅಲ್ಲವೇ ಅಲ್ಲ. ಜಿಮ್ಮಿ ಪೇಜ್ ಅಸಾಧಾರಣ ಗಿಟಾರ್ ವಾದಕ ಅಂತ ಆತ ಒಪ್ಪುತ್ತಾನೆ. ತಕರಾರು ಇರೋದು ಹಾಡುಗಳ ಬಗ್ಗೆ: ರಚನೆ ದುರ್ಬಲ, ಕಲ್ಪನೆ ಕಮ್ಮಿ, ಜೆಫ್ ಬೆಕ್ ಗ್ರೂಪ್ ಕೆಲವೇ ತಿಂಗಳ ಹಿಂದೆ ಮಾಡಿದ್ದಕ್ಕಿಂತ ಇಲ್ಲಿ ಹೊಸದೇನಿಲ್ಲ.

ಇದರಲ್ಲಿ ತಪ್ಪೇನಿದೆ? 'ಯೂ ಶೂಕ್ ಮೀ' ಎಂಬ ಹಳೇ ಬ್ಲೂಸ್ ಹಾಡು ಎರಡೂ ಆಲ್ಬಮ್‌ಗಳಲ್ಲಿದೆ. ಪೇಜ್ ಹೆಸರಲ್ಲಿ ಅಚ್ಚಾದ 'ಡೇಜ್ಡ್ ಅಂಡ್ ಕನ್‌ಫ್ಯೂಸ್ಡ್' ಹಾಡನ್ನು ಜೇಕ್ ಹೋಮ್ಸ್ ಅದೇ ಹೆಸರಲ್ಲಿ 1967ರಲ್ಲೇ ಹಾಡಿದ್ದ. ಆತ 2010ರಲ್ಲಿ ಕೋರ್ಟಿಗೆ ಹೋದ, ರಾಜಿಯಾಯ್ತು, ಆಮೇಲೆ ಹೋಮ್ಸ್‌ನಿಂದ ಪ್ರೇರಿತ ಅನ್ನೋ ಸಾಲು ಸೇರಿತು. ಕಲ್ಪನೆ ಕಮ್ಮಿ ಅಂದವನು ಅಷ್ಟೇನೂ ದಾರಿ ತಪ್ಪಿರಲಿಲ್ಲ.

ಹಾಗಂತ ಎಲ್ಲವೂ ಸರಿ ಅಂತಲ್ಲ. ಪ್ರೊಡ್ಯೂಸರ್ ಆಗಿಯೂ ಪೇಜ್ ಸಾಧಾರಣ ಅಂದುಬಿಟ್ಟಿದ್ದಾನೆ. ಡ್ರಮ್‌ನಿಂದ ದೂರ ಮೈಕ್ ಇಟ್ಟು, ಇಡೀ ಕೋಣೆಯ ಸದ್ದು ಹಿಡಿದವನಿಗೆ ಈ ಮಾತು ಅನ್ಯಾಯ. ಜಾನ್ ಬಾನಮ್‌ನ ಆ ಡ್ರಮ್ ಕೇಳಿದ್ರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತೆ.

ಆದರೆ ಮೂವತ್ತು ವರ್ಷ ಆದ್ಮೇಲೆ ಯಾವುದು ಗೆಲ್ಲುತ್ತೆ ಅಂತ ಹೇಳೋದು ವಿಮರ್ಶಕನ ಕೆಲಸ ಅಲ್ಲ. ಕೇಳಿದ್ದನ್ನು ಕೇಳಿದ ಹಾಗೆ, ಕಾರಣ ಕೊಟ್ಟು, ಹೆಸರು ಹಾಕಿ ಬರೆಯೋದು ಅವನ ಕೆಲಸ. ಅವತ್ತು ಬೈಸಿಕೊಂಡು, ಬೈಸಿಕೊಳ್ಳೋಕೆ ಯೋಗ್ಯವಾಗೇ ಇದ್ದು, ಮಣ್ಣಾದ ಆಲ್ಬಮ್‌ಗಳ ಕಥೆಯನ್ನ ಯಾರೂ ಸ್ಲೈಡ್ ಮಾಡಿ ತೋರಿಸಲ್ಲ. ಗೆದ್ದವನೊಬ್ಬನನ್ನೇ ಮುಂದಿಟ್ಟುಕೊಂಡು ಟೀಕೆಯ ಬಾಯಿ ಮುಚ್ಚಿಸ್ತೀವಿ.

ಅದರ ಫಲ ನಮ್ಮ ಸುತ್ತಲೇ ಇದೆ. ಸಿನಿಮಾಕ್ಕೆ ಕಣ್ಣುಮುಚ್ಚಿ ನಾಲ್ಕು ಸ್ಟಾರು, ಓದದ ಕೋಡಿಗೆ 'ಲುಕ್ಸ್ ಗುಡ್', ಗೆಳೆಯನ ಕವನಕ್ಕೆ 'ಸೂಪರ್'. ಯಾರೂ ತಪ್ಪಾಗಲ್ಲ, ಯಾರಿಗೂ ನೋವಾಗಲ್ಲ, ಯಾವುದೂ ಸುಧಾರಿಸಲ್ಲ. ಇಂಥ ಹತ್ತು ಜನರ ಚಪ್ಪಾಳೆಗಿಂತ, ಅರ್ಧ ತಪ್ಪಾದರೂ ಪೂರ್ತಿ ಕೇಳಿ ಬೈದ ಒಬ್ಬ ಮೆಂಡೆಲ್‌ಸನ್ ನನಗೆ ಸಾಕು.