ಕಾಣುವ ಕಂಬ, ಕಾಣದ ಬುಡ

ಮಳೆಗಾಲ ಮುಗಿದು ಮೈದಾನಗಳು ಒಣಗುತ್ತಿದ್ದಂತೆ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ಹೊನಲು ಬೆಳಕಿನ ಪಂದ್ಯಾಟಗಳ ಋತು ಆರಂಭವಾಗುತ್ತದೆ. ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟಕ್ಕೆ ಊರಿಗೆ ಊರೇ ಸೇರುತ್ತದೆ. ಪುತ್ತೂರು ಮಹಾಲಿಂಗೇಶ್ವರ ದೇವಾಲಯದ ಗದ್ದೆಯ ಕೋಟಿ-ಚೆನ್ನಯ ಕಂಬಳವೂ ರಾತ್ರಿ ದೀಪಗಳ ಅಡಿಯಲ್ಲಿ ಸಾಗುತ್ತದೆ. ಈ ಸಂಭ್ರಮದಲ್ಲಿ ಕೇಳದೆ ಉಳಿಯುವ ಪ್ರಶ್ನೆಯೊಂದಿದೆ: ಜನರನ್ನು ಹೊತ್ತ ಗ್ಯಾಲರಿಯೂ ನೆತ್ತಿಯ ಮೇಲಿನ ದೀಪಸ್ತಂಭವೂ ಯಾವುದರ ಆಧಾರದ ಮೇಲೆ ನಿಂತಿವೆ?

ಪ್ರಶ್ನೆ ಕಾಲ್ಪನಿಕವಲ್ಲ. 2021ರ ಮಾರ್ಚ್‌ನಲ್ಲಿ ತೆಲಂಗಾಣದ ಸೂರ್ಯಾಪೇಟೆಯಲ್ಲಿ ರಾಷ್ಟ್ರೀಯ ಜೂನಿಯರ್ ಕಬಡ್ಡಿ ಕೂಟದ ಗ್ಯಾಲರಿ ಕುಸಿದು ಸುಮಾರು ನೂರು ಮಂದಿ ಗಾಯಗೊಂಡರು. ಮರುವರ್ಷ ಅದೇ ತಿಂಗಳಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಫುಟ್‌ಬಾಲ್ ಪಂದ್ಯದ ತಾತ್ಕಾಲಿಕ ಗ್ಯಾಲರಿ ಉರುಳಿತು.

ಗ್ಯಾಲರಿಯ ಮೆಟ್ಟಿಲುಗಳ ಭಾರ ಓರೆ ತೊಲೆಗಳಿಗೆ, ಅಲ್ಲಿಂದ ಕಂಬಗಳಿಗೆ, ಕೊನೆಗೆ ನೆಲಕ್ಕೆ ಇಳಿಯಬೇಕು. ಸ್ಥಿರ ಆಸನಗಳಿಲ್ಲದ ಗ್ಯಾಲರಿಯು ಚದರ ಮೀಟರಿಗೆ ಸುಮಾರು 500 ಕಿಲೋಗ್ರಾಂ ಭಾರ ತಾಳಬೇಕೆಂಬುದು ಭಾರತೀಯ ಮಾನಕದ ನಿಯಮ. ಆದರೆ ಅಪಾಯ ಬರುವುದು ಕೇವಲ ತೂಕದಿಂದಲ್ಲ. ನಿರ್ಣಾಯಕ ಅಂಕಕ್ಕೆ ಪ್ರೇಕ್ಷಕರು ಒಮ್ಮೆಲೇ ಎದ್ದು ಕುಣಿದಾಗ ಗ್ಯಾಲರಿ ಪಕ್ಕಕ್ಕೆ ತೊನೆಯುತ್ತದೆ. ಕಂಬಗಳ ನಡುವೆ ಓರೆಯ ಬಿಗಿತವಿಲ್ಲದಿದ್ದರೆ, ಎಷ್ಟೇ ದಪ್ಪ ಕಂಬಗಳಿದ್ದರೂ ಎಲ್ಲವೂ ಒಟ್ಟಿಗೆ ಒಂದೇ ಕಡೆಗೆ ವಾಲುತ್ತವೆ. ಅಡಿಕೆ ಮರ ಮತ್ತು ಹಗ್ಗದಿಂದ ಕಟ್ಟಿದ ಗ್ಯಾಲರಿಗೂ ಈ ಮಾತು ಅನ್ವಯಿಸುತ್ತದೆ.

ದೀಪಸ್ತಂಭದ ಸಮಸ್ಯೆ ಬೇರೆ. ಅದರ ಶತ್ರು ಗಾಳಿ. ಮಂಗಳೂರಿಗೆ ಮಾನಕವು ನಿಗದಿಪಡಿಸಿದ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್. ವೇಗ ಇಮ್ಮಡಿಯಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. ತುದಿಯಲ್ಲಿರುವ ದೀಪಗಳ ಚೌಕಟ್ಟು ಆ ಒತ್ತಡವನ್ನೆಲ್ಲ ಹಿಡಿದು ಬುಡವನ್ನು ಮಗುಚಲು ನೋಡುತ್ತದೆ. ಆದ್ದರಿಂದಲೇ ಸ್ತಂಭಕ್ಕೆ ತನ್ನದೇ ಅಡಿಪಾಯ ಬೇಕು. ಅದನ್ನು ತಾತ್ಕಾಲಿಕ ಗ್ಯಾಲರಿಗೆ ಬಿಗಿಯುವುದೆಂದರೆ ಅದರ ತೊನೆತವನ್ನು ಪ್ರೇಕ್ಷಕರಿಗೆ ವರ್ಗಾಯಿಸಿದಂತೆ.

ನಮ್ಮ ನೆಲವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಗುಡ್ಡ ಕಡಿದು ಸಮತಟ್ಟು ಮಾಡಿದ ಮೈದಾನದ ಒಂದು ಬದಿ ಗಟ್ಟಿ ಮುರಕಲ್ಲು; ಇನ್ನೊಂದು ಬದಿ ತುಂಬಿಸಿದ ಮಣ್ಣು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಗೆ ಆ ಮಣ್ಣು ಕುಗ್ಗುತ್ತದೆ, ಜರಿಯುತ್ತದೆ. ಸ್ತಂಭಗಳನ್ನು ನೆಡುವುದು ಮೈದಾನದ ಅಂಚಿನಲ್ಲಿ. ಆ ಅಂಚುಗಳಲ್ಲಿ ಒಂದು ಈ ತುಂಬಿಸಿದ ಬದಿಯೇ ಆಗಿರುತ್ತದೆ.

ಸಣ್ಣ ಯುವಕ ಮಂಡಲಗಳು ದೇಣಿಗೆಯಿಂದ ನಡೆಸುವ ಕೂಟಕ್ಕೆ ಎಂಜಿನಿಯರ್ ಶುಲ್ಕ ಹೊರೆಯಾಗದೇ ಎಂಬ ಆಕ್ಷೇಪ ನ್ಯಾಯವಾದುದೇ. ಆ ಹೊರೆಯನ್ನು ಮಂಡಲಗಳ ಮೇಲೆ ಹೇರಬೇಕಾಗಿಲ್ಲ. ಪುತ್ತೂರಿನಲ್ಲಿ ವಿವೇಕಾನಂದ, ಸುಳ್ಯದಲ್ಲಿ ಕೆ.ವಿ.ಜಿ. ಎಂಜಿನಿಯರಿಂಗ್ ಕಾಲೇಜುಗಳಿವೆ. ಅವುಗಳ ಅಧ್ಯಾಪಕರ ನೆರವಿನೊಡನೆ ಸರ್ಕಾರಿ ಎಂಜಿನಿಯರರು ಉಚಿತವಾಗಿ ಪರಿಶೀಲಿಸಿ ಒಂದು ಪುಟದ ದೃಢೀಕರಣ ನೀಡುವಂತಾಗಲಿ. ಅದಿಲ್ಲದೆ ಪಂದ್ಯಾಟಕ್ಕೆ ಅನುಮತಿ ಬೇಡ. ಶಾಶ್ವತ ಕ್ರೀಡಾಂಗಣ ಕಟ್ಟುವಲ್ಲಿಯೂ ಅನುದಾನದ ಮೊದಲ ಕಂತು ಮಣ್ಣುಪರೀಕ್ಷೆ, ಚರಂಡಿ, ಅಡಿಪಾಯಗಳಿಗೆ ಸಲ್ಲಲಿ.

ಉದ್ಘಾಟನೆಯ ದಿನ ಎಲ್ಲರೂ ತಲೆಯೆತ್ತಿ ದೀಪಗಳನ್ನು ನೋಡುತ್ತಾರೆ. ಅದಕ್ಕೂ ಮೊದಲು ಒಬ್ಬರಾದರೂ ತಲೆಬಾಗಿಸಿ ಬುಡವನ್ನು ನೋಡಿರಬೇಕು.